ಗಡಿ ಕಾಯದ ಎರಡು ಕಮಾಂಡುಗಳು

ಕಳೆದ ಭಾನುವಾರ ಬೆಳಿಗ್ಗೆ ಎದುರು ಮನೆಯ ತಾಯಿ ಮಗ ಇಬ್ಬರೂ ಜಗಳವಾಡುತ್ತಲೇ ನಮ್ಮ ಮನೆಗೆ ಬಂದರು. ಜಗಳ ಜೋಧಪುರದ್ದು. ಹುಡುಗ ಎನ್‌ಡಿಎ ಲಿಖಿತ ಪರೀಕ್ಷೆ ಪಾಸಾಗಿದ್ದಾನೆ. ಇನ್ನು ಮೈಸೂರಿನಲ್ಲಿರುವ ವಾಯುಪಡೆಯ ಆಯ್ಕೆ ಮಂಡಳಿಯ ಮುಂದೆ ಹೋಗಬೇಕು. ಅದಕ್ಕಾಗಿ ಸಾಮಾನ್ಯ ಜ್ಞಾನದ ಗೈಡೊಂದನ್ನು ತಂದು ಉರು ಹೊಡೆಯುತ್ತಿದ್ದಾನೆ. ತಾಯಿ ಪ್ರಶ್ನೆ ಕೇಳುವುದು, ಮಗ ಉತ್ತರ ಹೇಳುವುದು. ಪರೀಕ್ಷೆಯ ಕಾಲದಲ್ಲಿ ಎಲ್ಲರ ಮನೆಯಲ್ಲೂ ನಡೆಯುವಂಥದೇ.

“ಇಲ್ಲಿ ನೋಡಿ ಸಾರ್, ನೈಋತ್ಯ ಕಮಾಂಡಿನ ಕೇಂದ್ರ ಜೋಧಪುರ ಅಂತ ಅಚ್ಚಾಗಿದೆ. ಇವನು ಗಾಂಧಿನಗರ ಅಂತಾನೆ. ಅಚ್ಚಾಗಿರೋದು ಸುಳ್ಳಾಗುತ್ತಾ?”

ಸುಳ್ಳಾಗುತ್ತದೆ ತಾಯಿ. ಆ ಕಚೇರಿ 1998ರಲ್ಲೇ ಜೋಧಪುರ ಬಿಟ್ಟು ಗಾಂಧಿನಗರ ಸೇರಿತು. ಗೈಡು ಬರೆದವರು ಯಾವುದೋ ಹಳೆಯ ಗೈಡಿನಿಂದ ಇಳಿಸಿಕೊಂಡಿದ್ದಾರೆ, ಅಷ್ಟೇ. ಅಲಹಾಬಾದ್ 2018ರಲ್ಲಿ ಪ್ರಯಾಗರಾಜ್ ಆದದ್ದೂ ಅದರಲ್ಲಿ ಸೇರಿಲ್ಲ. ಮಗ ಗೆದ್ದ ಖುಷಿಯಲ್ಲಿ ಏಳೂ ಹೆಸರನ್ನು ಒಂದೇ ಉಸಿರಿಗೆ ಒಪ್ಪಿಸಿದ: “ಪಶ್ಚಿಮ, ದೆಹಲಿ; ಪೂರ್ವ, ಶಿಲ್ಲಾಂಗ್; ಮಧ್ಯ, ಪ್ರಯಾಗರಾಜ್; ನೈಋತ್ಯ, ಗಾಂಧಿನಗರ; ದಕ್ಷಿಣ, ತಿರುವನಂತಪುರ. ಆಮೇಲೆ ಇನ್ನೆರಡು ಇವೆ, ಟ್ರೈನಿಂಗ್ ಬೆಂಗಳೂರು, ಮೆಂಟೆನೆನ್ಸ್ ನಾಗಪುರ.”

ಆ “ಆಮೇಲೆ ಇನ್ನೆರಡು ಇವೆ” ಎಂಬ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಮದುವೆ ಊಟದಲ್ಲಿ ಉಪ್ಪು, ಉಪ್ಪಿನಕಾಯಿಯ ಹೆಸರು ಹೇಳುವ ಹಾಗೆ ಹೇಳಿದ್ದ. “ಪೂರ್ವ ಕಮಾಂಡು ಶಿಲ್ಲಾಂಗಿನ ಗುಡ್ಡದ ಮೇಲೆ ಯಾಕಿದೆ ಮರಿ? ಕಲ್ಕತ್ತದಂಥ ದೊಡ್ಡ ಊರು ಇರಲಿಲ್ಲವೇ?” ಎಂದು ಕೇಳಿದೆ. ಅವನು ಅಮ್ಮನ ಮುಖ ನೋಡಿದ, ಅಮ್ಮ ಗೈಡಿನ ಮುಖ ನೋಡಿದರು. ಅಂದು ಅವರಿಗೆ ಹೇಳಿದ್ದನ್ನೇ ಸ್ವಲ್ಪ ಸರಿಪಡಿಸಿ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಗೈಡು ಇನ್ನೂ ಎಷ್ಟು ಮನೆಗಳಲ್ಲಿದೆಯೋ!

ನಮ್ಮ ವಾಯುಪಡೆ ಹುಟ್ಟಿದ್ದು 1932ರ ಅಕ್ಟೋಬರ್ 8ರಂದು. ಮರುವರ್ಷ ಏಪ್ರಿಲ್‌ನಲ್ಲಿ ಕರಾಚಿಯ ಡ್ರಿಗ್ ರೋಡ್ ನೆಲೆಯಲ್ಲಿ ಮೊದಲ ಸ್ಕ್ವಾಡ್ರನ್ ಶುರುವಾದಾಗ ಇದ್ದದ್ದು ನಾಲ್ಕೇ ನಾಲ್ಕು ವಾಪಿಟಿ ವಿಮಾನಗಳು. ನಾಲ್ಕು ವಿಮಾನಕ್ಕೆ ಕಮಾಂಡು ಏನು ಬಂತು? ಒಬ್ಬ ಅಧಿಕಾರಿ ಹ್ಯಾಂಗರಿನ ಬಾಗಿಲಲ್ಲಿ ನಿಂತು ಕೂಗಿದರೆ ಎಲ್ಲರಿಗೂ ಕೇಳಿಸುತ್ತಿತ್ತು. ಪಡೆ ಬೆಳೆದು, ಒಂದು ಕಡೆ ಹಿಮ, ಇನ್ನೊಂದು ಕಡೆ ಮರಳು, ಮತ್ತೊಂದು ಕಡೆ ಕಡಲು ಎಂದಾದ ಮೇಲೆ ದೆಹಲಿಯ ಪ್ರಧಾನ ಕಚೇರಿಯಲ್ಲಿ ಕುಳಿತ ಮುಖ್ಯಸ್ಥರೇ ಪ್ರತಿಯೊಂದು ವಿಮಾನವನ್ನೂ ಹಾರಿಸಲು ಸಾಧ್ಯವಿಲ್ಲ. ಆದ್ದರಿಂದ ಕೆಲಸವನ್ನು ಹಂಚಿ, ಒಂದೊಂದು ಪಾಲಿಗೂ ಒಬ್ಬ ಏರ್ ಮಾರ್ಷಲ್ ದರ್ಜೆಯ ಹಿರಿಯ ಅಧಿಕಾರಿಯನ್ನು ಜವಾಬ್ದಾರನನ್ನಾಗಿ ಮಾಡುತ್ತಾರೆ. ಆ ಪಾಲೇ ಕಮಾಂಡು.

ಹಂಚುವುದು ಹೇಗೆ ಎಂಬುದರಲ್ಲಿ ಎರಡು ದಾರಿಗಳಿವೆ. ಕೆಲಸದ ಪ್ರಕಾರ ಹಂಚಬಹುದು, ಇಲ್ಲವೇ ನೆಲದ ಪ್ರಕಾರ. ಬ್ರಿಟಿಷರು 1936ರಲ್ಲಿ ತಮ್ಮ ವಾಯುಪಡೆಯನ್ನು ಕೆಲಸದ ಪ್ರಕಾರ ಹಂಚಿದರು: ಬಾಂಬರ್ ಕಮಾಂಡು, ಫೈಟರ್ ಕಮಾಂಡು, ಕರಾವಳಿಗೆ ಒಂದು, ತರಬೇತಿಗೆ ಒಂದು. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಆಕಾಶವನ್ನು ಕಾದದ್ದು ಆ ಫೈಟರ್ ಕಮಾಂಡೇ. ಅವರದು ಸಣ್ಣ ದ್ವೀಪ, ಹಾಗೆ ಮಾಡಿದರೆ ನಡೆಯುತ್ತದೆ. ಸ್ವಾತಂತ್ರ್ಯದ ನಂತರ ನಾವೂ ಮೊದಮೊದಲು ಅದೇ ಜಾಡಿನಲ್ಲಿ ನಡೆದೆವು. 1949ರ ಜುಲೈನಲ್ಲಿ ಎರಡು ಕಮಾಂಡುಗಳು ಹುಟ್ಟಿದವು: ಕಾದಾಡುವುದಕ್ಕೆ ಆಪರೇಷನಲ್ ಕಮಾಂಡು, ಕಲಿಸುವುದಕ್ಕೆ ಟ್ರೈನಿಂಗ್ ಕಮಾಂಡು. 1955ರಲ್ಲಿ ರಿಪೇರಿಗೂ ಒಂದು ಬಂತು, ಕಾನ್ಪುರದಲ್ಲಿ. ಅದು ಆಮೇಲೆ ನಾಗಪುರಕ್ಕೆ ಹೋಯಿತು.

ಇಲ್ಲಿ ಒಂದು ಸಂಗತಿ ಗಮನಿಸಿ. ನಮ್ಮ ಹುಡುಗ ಕೊನೆಯಲ್ಲಿ ಉಪ್ಪಿನಕಾಯಿಯಂತೆ ಸೇರಿಸಿದನಲ್ಲ, ಆ ಎರಡೂ ಈ ಮನೆಯ ಹಿರಿಯ ಮಕ್ಕಳು. ನೆಲಕ್ಕೊಂದರಂತೆ ಕಮಾಂಡುಗಳು ಹುಟ್ಟಿದ್ದು ಅನಂತರ, ಅದೂ ಒಂದೊಂದು ಪೆಟ್ಟು ತಿಂದು, ಒಂದೊಂದು ಪಾಠ ಕಲಿತು.

ಪೂರ್ವ ಕಮಾಂಡು 1959ರ ಕೊನೆಯಲ್ಲಿ ಕಲ್ಕತ್ತದಲ್ಲಿ ಶುರುವಾಯಿತು. ಟಿಬೆಟ್ಟಿನಲ್ಲಿ ದಂಗೆಯಾಗಿ ದಲಾಯಿ ಲಾಮಾ ಭಾರತಕ್ಕೆ ಬಂದ ವರ್ಷ ಅದು. 1962ರಲ್ಲಿ ಚೀನಾದೊಡನೆ ಯುದ್ಧವಾದಾಗ ನಮ್ಮ ಸಾಗಣೆ ವಿಮಾನಗಳು, ಹೆಲಿಕಾಪ್ಟರುಗಳು ಹಗಲಿರುಳು ದುಡಿದವು. ಕಾದಾಡುವ ವಿಮಾನಗಳನ್ನು ಮಾತ್ರ ಬಳಸಲೇ ಇಲ್ಲ. ಆ ನಿರ್ಧಾರ ಸರಿಯೇ ತಪ್ಪೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಯುದ್ಧ ಮುಗಿದ ಮರುವರ್ಷ, 1963ರ ಜೂನ್‌ನಲ್ಲಿ, ಪೂರ್ವ ಕಮಾಂಡಿನ ಕಚೇರಿ ಕಲ್ಕತ್ತ ಬಿಟ್ಟು ಶಿಲ್ಲಾಂಗಿಗೆ ಹತ್ತಿತು. ಅದೇ ತಿಂಗಳು ದೆಹಲಿಯ ಆಪರೇಷನಲ್ ಕಮಾಂಡಿನ ಹೆಸರು ಬದಲಾಗಿ ಪಶ್ಚಿಮ ಕಮಾಂಡು ಎಂದಾಯಿತು. ಶಿಲ್ಲಾಂಗು ಯಾಕೆ ಎಂದು ಕೇಳಿದೆನಲ್ಲ, ಉತ್ತರ ಈ ತಾರೀಖಿನಲ್ಲೇ ಇದೆ. ಅಸ್ಸಾಂ ಮತ್ತು ಅರುಣಾಚಲದ ಬೆಟ್ಟಗಳನ್ನು ಕಾಯಬೇಕಾದವನು ಹೂಗ್ಲಿ ನದಿಯ ದಡದಲ್ಲಿ ಕುಳಿತರೆ ಹೇಗೆ? ರಸ್ತೆಯಿಲ್ಲದ ಅರುಣಾಚಲದ ಕಣಿವೆಗಳಿಗೆ ಅಕ್ಕಿ, ಬೇಳೆ, ಸೀಮೆಎಣ್ಣೆಯನ್ನೂ ಆಕಾಶದಿಂದಲೇ ಇಳಿಸಬೇಕಾಗಿತ್ತು. ಈಗಲೂ ಆ ಕಣಿವೆಗಳಲ್ಲಿ ಹಾರುವುದು ಅಪಾಯದ ಕೆಲಸವೇ. 2019ರ ಜೂನ್‌ನಲ್ಲಿ ಜೋರಹಾಟ್‌ನಿಂದ ಮೆಚುಕಾಗೆ ಹೊರಟ ಎಎನ್-32 ವಿಮಾನ ಬೆಟ್ಟಕ್ಕೆ ಬಡಿದು ಅದರಲ್ಲಿದ್ದ 13 ಮಂದಿಯೂ ಸತ್ತರು. ಯುದ್ಧವಿಲ್ಲದ ದಿನ ಅದು.

ಇನ್ನು ನಮ್ಮ ಜಗಳದ ಜೋಧಪುರ. 1971ರ ಯುದ್ಧದಲ್ಲಿ ಕಾಶ್ಮೀರದ ಹಿಮದಿಂದ ರಾಜಸ್ಥಾನದ ಮರಳಿನವರೆಗೆ ನೋಡಿಕೊಂಡದ್ದು ಪಶ್ಚಿಮ ಕಮಾಂಡು ಒಂದೇ. ಲೋಂಗೇವಾಲಾದ ಕಥೆ ನೀವು ಸಿನಿಮಾದಲ್ಲಿ ನೋಡಿರುತ್ತೀರಿ. ಡಿಸೆಂಬರ್ 5ರ ಬೆಳಗಾಗುತ್ತಲೇ ಜೈಸಲ್ಮೇರಿನಿಂದ ಹಂಟರ್ ವಿಮಾನಗಳು ಎದ್ದು, ಮರಳಿನಲ್ಲಿ ಸಿಕ್ಕಿಕೊಂಡ ಪಾಕಿಸ್ತಾನದ ಟ್ಯಾಂಕುಗಳನ್ನು ಒಂದೊಂದಾಗಿ ಹೊಡೆದವು. ಅಂದು ಬೆರಳೆಣಿಕೆಯ ವಿಮಾನಗಳಲ್ಲಿ ಕೆಲಸವಾಯಿತು. ಆದರೆ ಮರುಭೂಮಿಯ ಈ ಉದ್ದನೆಯ ಗಡಿಗೆ ಪ್ರತ್ಯೇಕ ಯಜಮಾನ ಬೇಕು ಎಂಬುದು ಮನವರಿಕೆಯಾಯಿತು. ಯುದ್ಧದ ನಂತರ ಜೋಧಪುರದಲ್ಲಿ ಮೊದಲು ಒಂದು ಆಪರೇಷನಲ್ ಗ್ರೂಪು ಮಾಡಿ, 1980ರಲ್ಲಿ ಅದನ್ನೇ ನೈಋತ್ಯ ಕಮಾಂಡಾಗಿ ಏರಿಸಿದರು. ಮಧ್ಯ ಕಮಾಂಡೂ ಇಂಥದೇ ಅಲೆಮಾರಿ. 1962ರಲ್ಲಿ ಕಲ್ಕತ್ತದಲ್ಲಿ ಹುಟ್ಟಿ 1966ರಲ್ಲಿ ಅಲಹಾಬಾದಿಗೆ ಬಂತು.

ಎಲ್ಲಕ್ಕಿಂತ ಕಿರಿಯದು ದಕ್ಷಿಣ ಕಮಾಂಡು, 1984ರ ಕೂಸು. ಅದು ಹುಟ್ಟಿ ಮೂರು ವರ್ಷವಾಗುವುದರೊಳಗೆ ಶ್ರೀಲಂಕೆಯ ಪ್ರಕರಣ ಬಂತು. ಜಾಫ್ನಾದ ಜನರಿಗೆ ಕಳಿಸಿದ ಪರಿಹಾರದ ದೋಣಿಗಳನ್ನು ಶ್ರೀಲಂಕಾ ನೌಕಾಪಡೆ ವಾಪಸು ಕಳಿಸಿತು. ಮರುದಿನ, 1987ರ ಜೂನ್ 4ರಂದು, ನಮ್ಮ ಬೆಂಗಳೂರಿನಿಂದಲೇ ಐದು ಎಎನ್-32 ವಿಮಾನಗಳು ಮೂಟೆಗಳನ್ನು ಹೇರಿಕೊಂಡು ಎದ್ದವು. ಜೊತೆಗೆ ಮಿರಾಜ್ ಯುದ್ಧವಿಮಾನಗಳ ಕಾವಲು. ಸುಮಾರು 25 ಟನ್ ಸಾಮಾನನ್ನು ಜಾಫ್ನಾದ ಮೇಲೆ ಇಳಿಸಿ ಹಿಂದಿರುಗಿದವು. ಅಂದು ಸಂಜೆ ಬೆಂಗಳೂರಿನ ತಲೆಯ ಮೇಲೆ ಕೇಳಿಸಿದ ಸದ್ದು ಎಂಥದೆಂದು ಕೆಳಗಿದ್ದ ಎಷ್ಟು ಜನಕ್ಕೆ ಗೊತ್ತಿತ್ತೋ.

ಇಷ್ಟು ಹೇಳಿದಾಗ ಹುಡುಗ ಒಂದು ಒಳ್ಳೆಯ ಪ್ರಶ್ನೆ ಕೇಳಿದ. “ಅಂಕಲ್, ಆ ಎಎನ್-32 ಆಗ್ರಾದ್ದಲ್ವಾ? ಆಗ್ರಾ ಮಧ್ಯ ಕಮಾಂಡು. ಬೇರೆಯವರ ವಿಮಾನ ಇವರು ಹೇಗೆ ತಗೊಂಡರು?”

ಇದೇ ಮುಖ್ಯವಾದ ಮಾತು. ಕಮಾಂಡುಗಳ ಗಡಿಯೆಂದರೆ ಜಿಲ್ಲೆಯ ಗಡಿಯಲ್ಲ. ಹಂಚಿದ್ದು ಹೊಣೆಯನ್ನು, ವಿಮಾನಗಳನ್ನಲ್ಲ. 1988ರ ನವೆಂಬರ್ 3ರ ರಾತ್ರಿ ಮಾಲ್ಡೀವ್ಸ್‌ನಲ್ಲಿ ಬಂಡಾಯವೆದ್ದಾಗ ಪ್ಯಾರಾಟ್ರೂಪರುಗಳನ್ನು ಹೊತ್ತ ದೊಡ್ಡ ಇಲ್ಯೂಷಿನ್ ವಿಮಾನಗಳು ಎದ್ದದ್ದೂ ಆಗ್ರಾದಿಂದ. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಎಲ್ಲೂ ನಿಲ್ಲದೆ ಹಾರಿ ಇಳಿದವು. ಗ್ವಾಲಿಯರಿನ ಮಿರಾಜ್‌ಗಳು ಮಧ್ಯ ಕಮಾಂಡಿನವು. 1999ರಲ್ಲಿ ಕಾರ್ಗಿಲ್ ಬೆಟ್ಟಗಳ ಮೇಲೆ ಪಶ್ಚಿಮ ಕಮಾಂಡಿಗಾಗಿ ಹೋರಾಡಿದವು, 2019ರ ಫೆಬ್ರುವರಿಯಲ್ಲಿ ಬಾಲಾಕೋಟ್‌ಗೆ ಹೊರಟವು. 36 ರಫೇಲ್‌ಗಳನ್ನು ಕೊಂಡಾಗ ಒಂದು ಸ್ಕ್ವಾಡ್ರನ್ ಪಶ್ಚಿಮದ ಅಂಬಾಲಾದಲ್ಲಿ, ಇನ್ನೊಂದು ಪೂರ್ವದ ಹಾಸಿಮಾರಾದಲ್ಲಿ ಇಳಿಯಿತು. ಬೇಕೆಂದರೆ ಒಂದು ರಾತ್ರಿಯಲ್ಲಿ ಎರಡೂ ಒಂದೇ ಕಡೆ ಸೇರಬಲ್ಲವು. ಕಾಲಾಳು ಸೈನ್ಯಕ್ಕೂ ವಾಯುಪಡೆಗೂ ಇರುವ ವ್ಯತ್ಯಾಸವೇ ಇದು. ಅಸ್ಸಾಮಿನ ಒಂದು ಡಿವಿಷನ್ನನ್ನು ಪಂಜಾಬಿಗೆ ತರಲು ರೈಲುಗಳೂ ಬೇಕು, ದಿನಗಳೂ ಬೇಕು. ವಿಮಾನಕ್ಕೆ ಮಧ್ಯಾಹ್ನದ ಊಟದ ಹೊತ್ತು ಸಾಕು.

ಒಂದು ಉಪಕಥೆ. ಕಮಾಂಡಿನ ಕೆಳಗೆ ವಿಂಗು ಅಥವಾ ನೆಲೆ, ಅದರ ಕೆಳಗೆ ಸ್ಕ್ವಾಡ್ರನ್, ಅದರೊಳಗೆ ಫ್ಲೈಟು. ಹಾಗಾದರೆ ಸ್ಕ್ವಾಡ್ರನ್ನಿನ ಮುಖ್ಯಸ್ಥ ಯಾರು? “ಸ್ಕ್ವಾಡ್ರನ್ ಲೀಡರ್” ಎಂದು ಹುಡುಗ ಥಟ್ಟನೆ ಹೇಳಿದ. ತಪ್ಪು. ನಮ್ಮಲ್ಲಿ ಸ್ಕ್ವಾಡ್ರನ್ನನ್ನು ನಡೆಸುವವನು ವಿಂಗ್ ಕಮಾಂಡರ್ ಅಥವಾ ಗ್ರೂಪ್ ಕ್ಯಾಪ್ಟನ್. ವಿಂಗನ್ನು ವಿಂಗ್ ಕಮಾಂಡರ್ ನಡೆಸುವುದಿಲ್ಲ. ಬ್ರಿಟಿಷರು 1919ರಲ್ಲಿ ಇಟ್ಟ ಹೆಸರುಗಳು ಹಾಗೇ ಉಳಿದವು, ವಿಮಾನಗಳು ದೊಡ್ಡವಾದವು, ಕೆಲಸ ಭಾರವಾಯಿತು, ಒಂದೊಂದು ಕುರ್ಚಿಯೂ ಮೇಲಿನ ದರ್ಜೆಗೆ ಸರಿಯಿತು. ಶ್ಯಾನುಭೋಗರಿಲ್ಲದ ಮನೆಯಲ್ಲೂ ಶ್ಯಾನುಭೋಗರ ಮನೆ ಎಂಬ ಹೆಸರು ಉಳಿಯುವುದಿಲ್ಲವೇ, ಹಾಗೆ. ಸಂದರ್ಶನದಲ್ಲಿ ಇದನ್ನು ಕೇಳಿದರೆ ಎಡವಬೇಡಿ.

ಈಗ ಉಪ್ಪಿನಕಾಯಿಗೆ ಬರೋಣ.

ಟ್ರೈನಿಂಗ್ ಕಮಾಂಡಿನ ಕೇಂದ್ರ ಇರುವುದು ನಮ್ಮ ಹೆಬ್ಬಾಳದಲ್ಲಿ. ವಿಮಾನ ನಿಲ್ದಾಣಕ್ಕೆ ಹೋಗುವ ಲಕ್ಷಾಂತರ ಜನ ಆ ಕಡೆಯಿಂದಲೇ ಹಾದು ಹೋಗುತ್ತಾರೆ. ಇದಕ್ಕೆ ಕಾಯಲು ಗಡಿಯಿಲ್ಲ, ಎದುರಿಗೆ ಶತ್ರುವಿಲ್ಲ. ಆದರೆ ಇದರ ಮರಿಗಳನ್ನು ಎಣಿಸಿ ನೋಡಿ: ಹೈದರಾಬಾದ್ ಬಳಿಯ ದುಂಡಿಗಲ್ ಅಕಾಡೆಮಿ, ಹಕೀಂಪೇಟೆ, ಚೆನ್ನೈ ಬಳಿಯ ತಾಂಬರಂ. ನಮ್ಮ ರಾಜ್ಯದಲ್ಲೇ ಯುದ್ಧವಿಮಾನದ ಪೈಲಟ್‌ಗಳಿಗೆ ಬೀದರ್, ಸಾಗಣೆ ವಿಮಾನದವರಿಗೆ ಯಲಹಂಕ, ಎಂಜಿನಿಯರ್ ಅಧಿಕಾರಿಗಳಿಗೆ ಜಾಲಹಳ್ಳಿ, ವಾಯುಸೈನಿಕರಿಗೆ ಬೆಳಗಾವಿ ಪಕ್ಕದ ಸಾಂಬ್ರಾ. ಏರ್ ಶೋದಲ್ಲಿ ಎಲ್ಲರೂ ಕತ್ತೆತ್ತಿ ನೋಡುವ ಸೂರ್ಯಕಿರಣ ತಂಡದ ಮನೆಯೂ ಬೀದರೇ.

ಯುದ್ಧ ಬಂದಾಗ ಈ ಮೇಷ್ಟರುಗಳೂ ಪುಸ್ತಕ ಮುಚ್ಚಿ ಹೊರಡಬೇಕು. ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕು. 1965ರಲ್ಲಿ ಅವರು ಹಾರಾಟ ಕಲಿಸುವ ಕಾಲೇಜಿನಲ್ಲಿ ಬೋಧಕರಾಗಿದ್ದರು. ಯುದ್ಧ ಶುರುವಾದಾಗ 1ನೇ ಸ್ಕ್ವಾಡ್ರನ್ನಿಗೆ ಬಂದರು. ಸೆಪ್ಟೆಂಬರ್ 7ರಂದು ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟಾಗ ಅವರು ಮೊದಲ ಹನ್ನೆರಡರಲ್ಲಿ ಇರಲಿಲ್ಲ. ಯಾರಾದರೂ ತಪ್ಪಿದರೆ ಇರಲಿ ಎಂದು ಇಟ್ಟಿದ್ದ ಬದಲಿ. ಒಂದು ವಿಮಾನ ತಪ್ಪಿತು, ಇವರು ಹೋದರು. ದಾರಿಯಲ್ಲಿ ಅಡ್ಡ ಬಂದ ಸ್ಟಾರ್‌ಫೈಟರ್ ಇವರ ಮಿಸ್ಟೇರ್‌ಗಿಂತ ಎಷ್ಟೋ ವೇಗದ ವಿಮಾನ. ಅದನ್ನು ಹೊಡೆದುರುಳಿಸಿದರು, ತಾವು ಮರಳಲಿಲ್ಲ. ಅಲ್ಲಿ ನಡೆದದ್ದು ನಮ್ಮವರಿಗೆ ತಿಳಿಯಲು ವರ್ಷಗಳೇ ಹಿಡಿದವು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷಗಳ ಮೇಲೆ.

ಕಲಿಸುವ ಕಮಾಂಡನ್ನು ಅಲಕ್ಷಿಸಿದರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಉದಾಹರಣೆಯಿದೆ, ಮತ್ತು ಅದು ನೋವಿನದು. ನಮ್ಮ ಹುಡುಗರು ಮೊದಲು ನಿಧಾನದ ವಿಮಾನದಲ್ಲಿ, ಆಮೇಲೆ ಬೆಂಗಳೂರಿನ ಎಚ್‌ಎಎಲ್ ಮಾಡಿದ ಕಿರಣ್ ಜೆಟ್‌ನಲ್ಲಿ ಕಲಿಯುತ್ತಿದ್ದರು. ಕಿರಣ್ ಸಾಧು ವಿಮಾನ. ಅಲ್ಲಿಂದ ಮುಂದಿನ ಮೆಟ್ಟಿಲು ಮಿಗ್-21. ಇಳಿಯುವಾಗಲೇ ಗಂಟೆಗೆ 300 ಕಿಲೋಮೀಟರಿಗೂ ಹೆಚ್ಚಿನ ವೇಗ, ಚಿಕ್ಕ ರೆಕ್ಕೆ, ತಪ್ಪಿಗೆ ಕ್ಷಮೆಯಿಲ್ಲ. ಸೈಕಲ್ ಕಲಿತವನನ್ನು ನೇರ ಎಕ್ಸ್‌ಪ್ರೆಸ್ ಬಸ್ಸಿನ ಸ್ಟಿಯರಿಂಗ್ ಮುಂದೆ ಕೂಡಿಸಿದ ಹಾಗೆ. ನಡುವೆ ಒಂದು ಮೆಟ್ಟಿಲು ಬೇಕು, ಮುಂದುವರಿದ ಜೆಟ್ ತರಬೇತಿ ವಿಮಾನ ಕೊಳ್ಳಿ ಎಂದು ಲಾ ಫೊಂಟೇನ್ ಸಮಿತಿ ಶಿಫಾರಸು ಮಾಡಿದ್ದು 1982ರಲ್ಲಿ. ಕಡತ ಓಡಾಡಿತು. ಸರ್ಕಾರಗಳು ಬಂದವು, ಹೋದವು. ಹಾಕ್ ವಿಮಾನಗಳಿಗೆ ಒಪ್ಪಂದವಾದದ್ದು 2004ರಲ್ಲಿ, 66 ವಿಮಾನಗಳಿಗೆ. ಅವು ಬೀದರಿನಲ್ಲಿ ಸೇವೆಗೆ ಸೇರಿದ್ದು 2008ರ ಫೆಬ್ರುವರಿಯಲ್ಲಿ. ಲೆಕ್ಕ ಹಾಕಿ, 26 ವರ್ಷ.

ಮಿಗ್-21 ಅಪಘಾತಗಳಿಗೆ ತರಬೇತಿಯ ಕೊರತೆಯೊಂದೇ ಕಾರಣವಲ್ಲ. ಎಂಜಿನ್ನಿನ ದೋಷ, ಹಕ್ಕಿಗಳ ಡಿಕ್ಕಿ, ವಯಸ್ಸಾದ ಯಂತ್ರ ಎಲ್ಲವೂ ಸೇರಿದ್ದವು. ಆದರೆ ಆ 26 ವರ್ಷಗಳಲ್ಲಿ ಸತ್ತ ಪೈಲಟ್‌ಗಳಲ್ಲಿ ಇಪ್ಪತ್ತರ ಹರೆಯದ ಹುಡುಗರು ಎಷ್ಟೋ ಜನ. ನಮ್ಮ ಕಡತಗಳಿಗೆ ಅವಸರ ಎಂಬುದೇ ಇಲ್ಲ. ಕಾದದ್ದಕ್ಕೆ ಬೆಲೆ ತೆತ್ತವರು ಕಡತ ಇಟ್ಟುಕೊಂಡವರಲ್ಲ. ಗಡಿಯಿಲ್ಲದ ಕಮಾಂಡಿನಲ್ಲಿ ಆದ ತಡ ಗಡಿಯಲ್ಲಿರುವ ಕಮಾಂಡಿನಲ್ಲಿ ಕಾಣಿಸಿಕೊಂಡಿತು. ಹಾಕ್ ಬಂದ ಮೇಲೆ ಬೀದರಿಗೆ ಬೇರೆ ಕಳೆ ಬಂತು. 2016ರ ಜೂನ್‌ನಲ್ಲಿ ದುಂಡಿಗಲ್‌ನಿಂದ ಹೊರಬಂದ ದೇಶದ ಮೊದಲ ಮೂವರು ಮಹಿಳಾ ಯುದ್ಧವಿಮಾನ ಪೈಲಟ್‌ಗಳು, ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್, ಹಾಕ್ ಕಲಿತದ್ದು ಅಲ್ಲಿಯೇ. ಹೆಣ್ಣುಮಕ್ಕಳಿರುವ ಪಾಲಕರೂ ಈ ಅಂಕಣ ಓದುತ್ತಾರೆಂದು ಇದನ್ನು ಬರೆದೆ.

ನಾಗಪುರದ ಮೆಂಟೆನೆನ್ಸ್ ಕಮಾಂಡಿನ ಬಗ್ಗೆ ಯಾರೂ ಸಿನಿಮಾ ತೆಗೆಯುವುದಿಲ್ಲ. ಬಿಚ್ಚುವುದು, ತೊಳೆಯುವುದು, ಸವೆದದ್ದನ್ನು ಬದಲಿಸುವುದು, ಮತ್ತೆ ಕೂಡಿಸುವುದು. ಅದರ ದೊಡ್ಡ ರಿಪೇರಿ ಡಿಪೋಗಳು ಊರೂರಿನಲ್ಲಿವೆ: ಕಾನ್ಪುರದಲ್ಲಿ ಎಎನ್-32, ಚಂಡೀಗಢದಲ್ಲಿ ಹೆಲಿಕಾಪ್ಟರು, ನಾಸಿಕ್ ಬಳಿಯ ಓಝರ್‌ನಲ್ಲಿ ಮಿಗ್-29 ಮತ್ತು ಸುಖೋಯ್. ಇದರ ಬೆಲೆ ಗೊತ್ತಾದದ್ದು 1991ರಲ್ಲಿ. ಸೋವಿಯತ್ ಒಕ್ಕೂಟ ಒಡೆದು ಹೋಳಾಯಿತು. ಬಿಡಿಭಾಗ ಕಳಿಸುತ್ತಿದ್ದ ಕಾರ್ಖಾನೆಗಳು ಒಂದೊಂದು ದೇಶಕ್ಕೆ ಸೇರಿದವು, ಕೆಲವು ಮುಚ್ಚಿದವು. ಒಂದು ವಾಷರಿಗಾಗಿ ಕೋಟಿಗಟ್ಟಲೆ ಬೆಲೆಯ ವಿಮಾನ ಹ್ಯಾಂಗರಿನಲ್ಲಿ ನಿಲ್ಲಬಹುದು. ಪಟ್ಟಿಯಲ್ಲಿ ಇಪ್ಪತ್ತು ವಿಮಾನವಿದ್ದು ಬೆಳಿಗ್ಗೆ ಹನ್ನೆರಡು ಮಾತ್ರ ಹಾರಲು ಸಿದ್ಧವಿದ್ದರೆ ಆ ಕಮಾಂಡಿನ ಬಲ ಹನ್ನೆರಡೇ. ಎಂಜಿನಿಯರಿಂಗ್ ಓದುತ್ತಿರುವವರು, ಐಟಿಐ ಮಾಡಿದವರು ವಾಯುಪಡೆ ಎಂದರೆ ಪೈಲಟ್ ಮಾತ್ರ ಎಂದು ತಿಳಿಯಬಾರದು. ಹಾರುವವರಿಗಿಂತ ಹಾರಿಸುವವರೇ ಅಲ್ಲಿ ಹೆಚ್ಚು.

ಈ ಇಡೀ ಏರ್ಪಾಟನ್ನೇ ಬದಲಾಯಿಸಬೇಕೆಂಬ ಚರ್ಚೆಯೊಂದು ಕೆಲವು ವರ್ಷಗಳಿಂದ ನಡೆದಿದೆ. ಅದಕ್ಕೆ ಕಾರಣವೂ ಇದೆ. ಭೂಸೇನೆಗೆ ಏಳು ಕಮಾಂಡು, ವಾಯುಪಡೆಗೆ ಏಳು, ನೌಕಾಪಡೆಗೆ ಮೂರು, ಒಟ್ಟು 17. ಒಂದರ ಕೇಂದ್ರ ಇನ್ನೊಂದರ ಊರಿನಲ್ಲಿಲ್ಲ. ಪೂರ್ವದಲ್ಲಿ ಭೂಸೇನೆಯ ಕಮಾಂಡು ಕಲ್ಕತ್ತದಲ್ಲಿ, ವಾಯುಪಡೆಯದು ಶಿಲ್ಲಾಂಗಿನಲ್ಲಿ. 1971ರಲ್ಲಿ ಇದಕ್ಕಾಗಿಯೇ ವಾಯುಪಡೆ ಕಲ್ಕತ್ತದ ಫೋರ್ಟ್ ವಿಲಿಯಂನಲ್ಲಿ ಒಂದು ಮುಂಚೂಣಿ ಕಚೇರಿ ತೆರೆಯಬೇಕಾಯಿತು. ಕಾರ್ಗಿಲ್ ಭೂಸೇನೆಯ ಲೆಕ್ಕದಲ್ಲಿ ಉಧಂಪುರದ ಉತ್ತರ ಕಮಾಂಡಿಗೆ ಸೇರಿದ್ದು, ವಾಯುಪಡೆಯ ಲೆಕ್ಕದಲ್ಲಿ ದೆಹಲಿಯ ಪಶ್ಚಿಮ ಕಮಾಂಡಿಗೆ. 1999ರ ಮೇ ತಿಂಗಳಲ್ಲಿ ಸೇನೆ ಶಸ್ತ್ರಸಜ್ಜಿತ ಹೆಲಿಕಾಪ್ಟರ್ ಕೇಳಿತು. ಅಷ್ಟು ಎತ್ತರದಲ್ಲಿ ಹೆಲಿಕಾಪ್ಟರ್ ಸುಲಭದ ಗುರಿಯಾಗುತ್ತದೆ, ಸರ್ಕಾರದ ಅನುಮತಿಯೂ ಬೇಕು ಎಂದಿತು ವಾಯುಪಡೆ. ಅನುಮತಿ ಬಂದು ದಾಳಿ ಶುರುವಾದದ್ದು ಮೇ 26ರಂದು. 27ರಂದು ಎರಡು ಯುದ್ಧವಿಮಾನ, 28ರಂದು ಒಂದು ಹೆಲಿಕಾಪ್ಟರ್ ಕಳೆದುಕೊಂಡೆವು. ಆಮೇಲೆ ವಿಧಾನ ಬದಲಾಯಿತು, ಮಿರಾಜ್‌ಗಳು ಎತ್ತರದಿಂದ ಹೊಡೆದವು, ಫಲ ಸಿಕ್ಕಿತು.

ಆದ್ದರಿಂದ ಒಂದು ದಿಕ್ಕಿಗೆ ಒಬ್ಬನೇ ದಂಡನಾಯಕ, ಅವನ ಕೈಕೆಳಗೆ ಮೂರೂ ಪಡೆಗಳು ಇರಲಿ ಎಂಬುದು ಒಂದು ವಾದ. ಇದನ್ನು ಥಿಯೇಟರ್ ಕಮಾಂಡು ಎನ್ನುತ್ತಾರೆ. ಅಂಡಮಾನ್ ನಿಕೋಬಾರಿನಲ್ಲಿ 2001ರಿಂದ ಮೂರೂ ಪಡೆಗಳ ಜಂಟಿ ಕಮಾಂಡು ಇದೆ. 2020ರ ಜನವರಿಯಲ್ಲಿ ಮೂರೂ ಪಡೆಗಳಿಗೆ ಒಬ್ಬ ಮುಖ್ಯಸ್ಥರ ಹುದ್ದೆ ಶುರುವಾದ ಮೇಲೆ ಈ ಮಾತಿಗೆ ಬಲ ಬಂತು. ವಾಯುಪಡೆಯ ಹಿರಿಯರು ಮಾತ್ರ ಅನುಮಾನದಿಂದಲೇ ನೋಡಿದ್ದಾರೆ. ಆತುರ ಬೇಡ ಎಂದು ಆಗಿನ ಮುಖ್ಯಸ್ಥ ಏರ್ ಚೀಫ್ ಮಾರ್ಷಲ್ ಎ.ಪಿ. ಸಿಂಗ್ 2025ರ ಆಗಸ್ಟ್‌ನಲ್ಲಿ ಬಹಿರಂಗವಾಗಿಯೇ ಹೇಳಿದರು. ಅವರ ಚಿಂತೆ ಅರ್ಥವಾಗುವಂಥದು. ಯುದ್ಧವಿಮಾನಗಳ ಸ್ಕ್ವಾಡ್ರನ್ನುಗಳು 42 ಇರಬೇಕೆಂದು ಮಂಜೂರಾತಿಯಿದೆ. 2025ರ ಸೆಪ್ಟೆಂಬರ್‌ನಲ್ಲಿ ಮಿಗ್-21ಕ್ಕೆ ವಿದಾಯ ಹೇಳಿದಾಗ ಉಳಿದದ್ದು 29. ಇರುವ ಸ್ವಲ್ಪವನ್ನೇ ಮೂರು ಪಾಲು ಮಾಡಿ ಮೂವರು ದಂಡನಾಯಕರಿಗೆ ಬರೆದುಕೊಟ್ಟರೆ, ಗ್ವಾಲಿಯರಿನ ಮಿರಾಜ್ ಬೇಕೆಂದಾಗ ಬೇಕಾದ ಕಡೆ ಹೋಗುವುದೇ? ಅಣ್ಣತಮ್ಮಂದಿರು ಪಾಲಾದಾಗ ಹೊಲ ಹಂಚಬಹುದು, ಬಾವಿ ಹಂಚುವುದು ಕಷ್ಟ. ನನಗೆ ಕಾಣುವ ಮಟ್ಟಿಗೆ ಜಂಟಿಯಾಗಿ ಯೋಜಿಸುವುದು ಬೇಕೇ ಬೇಕು, ಕಾರ್ಗಿಲ್ಲಿನ ಆ ದಿನಗಳು ಮರುಕಳಿಸಬಾರದು. ಆದರೆ ವಿಮಾನಗಳ ಖಾತೆ ಮಾತ್ರ ಒಂದೇ ಇರುವುದು ಒಳ್ಳೆಯದು. ಬಲ್ಲವರು ಬೇರೆ ಹೇಳಬಹುದು.

ಹುಡುಗ ಇಷ್ಟು ಹೊತ್ತು ಕೇಳಿಸಿಕೊಂಡು, ಗೈಡಿನಲ್ಲಿ ಜೋಧಪುರವನ್ನು ಪೆನ್ಸಿಲಿನಿಂದ ಹೊಡೆದು ಹಾಕಿ ಪಕ್ಕದಲ್ಲಿ ಇಸವಿಗಳನ್ನು ಬರೆದುಕೊಂಡ. ಅವನ ಅಮ್ಮನ ಯೋಚನೆ ಬೇರೆ ಕಡೆ ಹರಿದಿತ್ತು.

“ಸೆಲೆಕ್ಟ್ ಆದರೆ ಇವನನ್ನ ಮೊದಲು ಯಾವ ಬಾರ್ಡರಿಗೆ ಹಾಕ್ತಾರೆ ಸಾರ್?”

“ಯಾವ ಬಾರ್ಡರಿಗೂ ಇಲ್ಲಮ್ಮ. ಖಡಕವಾಸ್ಲಾದಲ್ಲಿ ಮೂರು ವರ್ಷ. ಆಮೇಲೆ ದುಂಡಿಗಲ್. ಯುದ್ಧವಿಮಾನ ಸಿಕ್ಕಿದರೆ ಬೀದರಿಗೂ ಬರಬಹುದು.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಗನ ಕಡೆ ತಿರುಗಿ, “ಯಶವಂತಪುರದಿಂದ ಬೀದರಿಗೆ ರಾತ್ರಿ ರೈಲು ಇದೆಯಲ್ವೇನೋ?” ಎಂದರು.